ಒಲೆ ಎಣಿಸಲು ಹೋದದ್ದು

ಇಳಕಲ್ಲಿನ ನಮ್ಮ ಭಾಗದಲ್ಲಿ ನಾನು ಬಾಗಿಲು ಬಡಿದರೆ ತೆಗೆಯದ ಮನೆಯಿಲ್ಲ. ಜಂಬ ಎಂದುಕೊಂಡರೂ ಅಡ್ಡಿಯಿಲ್ಲ, ಜಂಬವೇ. ಓಣಿ ಓಣಿಗೆ ನಲ್ಲಿ ನೀರು ಬಿಡುತ್ತಿದ್ದವನು ನಾನು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಹೊರಟೆನೆಂದರೆ ಶಾಸಕರಿಗೂ ಅಷ್ಟು ನಮಸ್ಕಾರ ಬೀಳುತ್ತಿರಲಿಲ್ಲ. ಬಾಯಿ ಜೋರು ಮಾಡಿದವರ ಮನೆಯ ಮುಂದೆ, ಅವರು ಮೈಗೆ ಸಾಬೂನು ಹಚ್ಚಿಕೊಂಡ ಹೊತ್ತನ್ನೇ ನೋಡಿ ನೀರು ನಿಲ್ಲಿಸಿ, ಬೇವಿನ ಮರದ ಮರೆಯಲ್ಲಿ ನಿಂತು ಬೈಗುಳ ಕೇಳುವುದು ನನ್ನ ದಿನದ ಖುಷಿಯಾಗಿತ್ತು. ಬೈದವರೇ ಸಂಜೆ ಚಹಾ ಕೊಡುತ್ತಿದ್ದರು.

ಹೀಗಾಗಿ, ನಿವೃತ್ತನಾದ ಮೇಲೂ ಓಣಿಯ ಮನೆ ಮನೆ ಸಮೀಕ್ಷೆಗೆ ಜನ ಬೇಕಾದಾಗ ನನ್ನನ್ನೇ ಕರೆದರು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವೆಂದರೆ, ನನಗೆ ಚೆನ್ನಾಗಿ ಗೊತ್ತಿದ್ದ ಕೆಲಸವನ್ನೇ ನಾನು ಕೆಡಿಸಿದ್ದು.

ನಮ್ಮ ಓಣಿಯಲ್ಲಿ ನಲವತ್ತೆರಡು ಸಾಲುಮನೆಗಳು. ನಮ್ಮ ಅಪ್ಪಂದಿರ ಕಾಲದಲ್ಲಿ ನೇಕಾರರಿಗೆಂದು ಕಟ್ಟಿದವು. ಒಂದು ಪಡಸಾಲೆ, ಒಂದು ಅಡುಗೆಮನೆ, ಹಿಂದೆ ಮಗ್ಗದ ಕೋಣೆ, ಮೇಲೆ ಕಲ್ಲು ಚಪ್ಪಡಿಯ ಮಾಳಿಗೆ. ಒಂದು ಮಳೆಗಾಲದಲ್ಲಿ ಎರಡು ಮನೆಯ ಚಪ್ಪಡಿ ಕುಸಿದವು. ಅದರ ಬೆನ್ನಿಗೆ, ಇಡೀ ಸಾಲನ್ನು ಕೆಡವಿ ಅದೇ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ ಎಬ್ಬಿಸಿ, ಅಲ್ಲೇ ಎಲ್ಲರಿಗೂ ಮನೆ ಕೊಡುವ ಯೋಜನೆ ಬಂತು. ಮೊದಲು ಜನ ಒಪ್ಪಲಿಲ್ಲ. ನೇಕಾರ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವವನು. ಮೂರನೆಯ ಅಂತಸ್ತಿನಲ್ಲಿ ಕುಣಿ ತೋಡಿದರೆ ಅವನ ಕಾಲು ಕೆಳಗಿನ ಮನೆಯವರ ಸಾರಿನ ಗಡಿಗೆಗೆ ಇಳಿಯುತ್ತದೆ ಎಂದು ಸಭೆಯಲ್ಲಿ ಎದ್ದು ಹೇಳಿದವನು ನಾನೇ. ಸಭೆ ನಕ್ಕಿತು, ಅಧಿಕಾರಿಗಳೂ ನಕ್ಕರು, ಮುಂದಿನ ಸಭೆಗೆ ಕೆಳ ಅಂತಸ್ತಿನಲ್ಲಿ ಮಗ್ಗಗಳಿಗೆಂದೇ ಒಂದು ಶೆಡ್ಡು ನಕ್ಷೆಯಲ್ಲಿ ಬಂದಿತ್ತು. ಆ ಶೆಡ್ಡನ್ನು ನನ್ನ ನಾಲಿಗೆ ಕಟ್ಟಿಸಿತು ಎಂದು ನಾನು ಇಂದಿಗೂ ಹೇಳುತ್ತೇನೆ.

ಕರಾರು ಹೀಗಿತ್ತು: ಕುಟುಂಬಕ್ಕೊಂದು ಮನೆ, ಕುಟುಂಬಕ್ಕೊಂದು ಮಗ್ಗದ ಜಾಗ. ಕುಟುಂಬ ಎಂದರೇನು ಎಂಬುದನ್ನು ಬಾಗಲಕೋಟೆಯಲ್ಲಿ ಒಂದು ದಿನದ ತರಬೇತಿಯಲ್ಲಿ ಹೇಳಿದರು. ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ. ಒಂದೇ ಮನೆಯಲ್ಲಿ ಮೂರು ಒಲೆ ಇದ್ದರೆ ಮೂರು ಕುಟುಂಬ. ನಮೂನೆಯ ಒಂಬತ್ತನೆಯ ಕಾಲಮ್ಮಿನಲ್ಲಿ ಒಲೆಯ ಸಂಖ್ಯೆ ಬರೆಯಬೇಕು. ಎರಡು ಸಲ ಹೇಳಿದರಂತೆ. ನನಗೆ ಒಂದು ಸಲವೂ ಸರಿಯಾಗಿ ಕೇಳಿಸಲಿಲ್ಲ, ಯಾಕೆಂದರೆ ಪಕ್ಕದಲ್ಲಿ ಕುಳಿತ ಬಾದಾಮಿಯವನಿಗೆ ತರಬೇತಿ ಕೊಡುವವರ ಕೆಮ್ಮನ್ನು ಅಣಕಿಸಿ ತೋರಿಸುತ್ತಿದ್ದೆ. ಎಲ್ಲವನ್ನೂ ರೇಷನ್ ಕಾರ್ಡು ನೋಡಿ ತೀರ್ಮಾನಿಸುತ್ತಾರೆ, ಈ ಒಲೆಯ ಕಾಲಮ್ಮು ಸುಮ್ಮನೆ ತುಂಬಿಸಲಿಕ್ಕೆ ಇಟ್ಟದ್ದು ಎಂದುಕೊಂಡು ಎದ್ದು ಬಂದೆ.

ಸಮೀಕ್ಷೆಯ ಕ್ರಮ ದೊಡ್ಡದೇನಲ್ಲ. ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ನಂಬರು. ಟೇಪು ಹಿಡಿದು ಉದ್ದ ಅಗಲ. ಮಗ್ಗ ಇದ್ದರೆ ಅದರ ಕುಣಿಯ ಆಳ. ನಡುವೆ ಕಾರ್ಬನ್ನು ಇಟ್ಟು ಎರಡು ಪ್ರತಿ, ಇಪ್ಪತ್ತೊಂದು ಕಾಲಮ್ಮು. ಕೊನೆಗೆ ಮನೆಯ ಯಜಮಾನ ಅಥವಾ ಯಜಮಾನಿಯ ಸಹಿ ಇಲ್ಲವೇ ಹೆಬ್ಬೆಟ್ಟು, ಅದರ ಕೆಳಗೆ ನನ್ನ ಸಹಿ. ನನ್ನ ಪದ್ಧತಿ ಬೇರೆ. ಕಷ್ಟದ ಪ್ರಶ್ನೆಯನ್ನು ಚೇಷ್ಟೆಯಲ್ಲಿ ಕೇಳಬೇಕು. ವಯಸ್ಸು ಕೇಳಿದರೆ ಸುಳ್ಳು ಹೇಳುವ ಹೆಂಗಸು, ನೀನು ನನಗಿಂತ ದೊಡ್ಡವಳೋ ಎಂದರೆ ಖರೆ ವಯಸ್ಸನ್ನು ಎಸೆಯುತ್ತಾಳೆ. ಇದು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ.

ಮೊದಲ ದಿನ, ಮೊದಲ ಮನೆ. ಅತ್ತೆ, ಇಬ್ಬರು ಸೊಸೆಯರು, ಓಣಿಯ ಅರ್ಧ ಜನ ಕಟ್ಟೆಯ ಮೇಲೆ. ಒಂಬತ್ತನೆಯ ಕಾಲಮ್ಮಿಗೆ ಬಂದಾಗ ಎಲ್ಲರಿಗೂ ಕೇಳುವ ಹಾಗೆ ಕೂಗಿದೆ: "ಒಲಿ ಎಷ್ಟವ್ವಾ? ಒಂದ ಐತ್ಯೋ, ಇಲ್ಲಾ ಸೊಸ್ತ್ಯಾರು ಆಗಲೇ ಬ್ಯಾರೆ ಬೆಂಕಿ ಹಚ್ಚ್ಯಾರೋ?"

ಕಟ್ಟೆ ಘೊಳ್ಳೆಂದಿತು. ಅತ್ತೆಯ ಮುಖ ಕೆಂಪಾಯಿತು. ಒಂದೇ ಒಲಿ, ಬರಕೋ ಎಂದಳು. ಬರೆದೆ.

ನಗು ನನಗೆ ಮೊದಲಿಂದಲೂ ಮೈಗೆ ಹತ್ತುವ ವಸ್ತು. ಎರಡನೆಯ ಮನೆಯಲ್ಲೂ ಅದೇ ಮಾತು, ಮೂರನೆಯದರಲ್ಲೂ. ಓಣಿಯ ಜನ ನನ್ನ ಹಿಂದೆ ಹಿಂದೆಯೇ ಬಂದರು, ಪ್ರತಿ ಹೊಸ್ತಿಲಲ್ಲಿ ನಿಂತು ಉತ್ತರ ಕೇಳಿದರು. ನಮ್ಮ ಕಡೆ ತಾಯಿ ಬದುಕಿರುವಾಗ ಮನೆ ಒಡೆದಿದೆ ಎಂದು ಹೊಸ್ತಿಲಲ್ಲಿ ನಿಂತು ನಾಲ್ಕು ಜನರ ಮುಂದೆ ಯಾರು ಹೇಳುತ್ತಾರೆ? ಒಳಗೆ ಮೂರು ಕಡೆ ಅನ್ನ ಬೇಯಬಹುದು. ಹೊರಗೆ ಹೇಳುವಾಗ ಒಂದೇ. ನಾಲ್ಕು ದಿನದಲ್ಲಿ ನಲವತ್ತೆರಡು ಮನೆ ಮುಗಿಸಿದೆ. ನಲವತ್ತೆರಡು ನಮೂನೆ, ನಲವತ್ತೆರಡು ಒಲೆ.

ಇಪ್ಪತ್ತೇಳನೆಯ ನಂಬರಿನ ಮನೆಯಲ್ಲಿ ಹದಿನಾಲ್ಕು ಜನ. ಎಂಬತ್ತರ ಹತ್ತಿರದ ಮುದುಕಿ ಯಜಮಾನಿ. ಹಿರಿಯ ಮಗ ನೇಕಾರ. ಎರಡನೆಯವನು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗುತ್ತಾನೆ. ಮೂರನೆಯವನು ತೀರಿಹೋಗಿ ನಾಲ್ಕು ವರ್ಷ. ಅವನ ಹೆಂಡತಿ ಅವನ ಮಗ್ಗದಲ್ಲೇ ಕುಳಿತು ಸೀರೆ ನೇಯ್ದು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಆ ಮನೆಗೆ ಓಣಿಯಲ್ಲಿ ಒಂದು ಹೆಸರಿತ್ತು. ಹಿರಿಯ ಮಗ, ತಂದೆ ಸಾಯುವಾಗ ಮನೆ ಒಡೆಯಗೊಡುವುದಿಲ್ಲ ಎಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟವನು. ಬಾಗಿಲಲ್ಲಿ ಅವನೇ ನಿಂತು, ನಾನು ಕೇಳುವ ಮೊದಲೇ, "ಒಂದೇ ಒಲಿ ಕಾಕಾ, ಹದಿನಾಲ್ಕು ತಾಟು," ಎಂದ.

ಈಗ ಕೇಳಿ. ನೀರು ಬಿಡುವವನಿಗೆ ಯಾರ ಮನೆ ಒಡೆದಿದೆ ಎಂದು ಯಾರೂ ಹೇಳಬೇಕಾಗಿಲ್ಲ. ನಲ್ಲಿಯ ಮುಂದಿನ ಕೊಡಗಳೇ ಹೇಳುತ್ತವೆ. ಒಂದೇ ಬಾಗಿಲಿನಿಂದ ಬಂದ ಕೊಡಗಳು ಒಂದು ದಿನ ಎರಡು ಗುಂಪಾಗಿ ನಿಲ್ಲುತ್ತವೆ, ನಡುವೆ ಒಂದು ಗೇಣು ಜಾಗ. ಆ ಮನೆಯ ಕೊಡಗಳು ಹನ್ನೊಂದು ವರ್ಷದಿಂದ ಮೂರು ಗುಂಪಾಗಿ ನಿಂತದ್ದನ್ನು ನಾನು ಕಣ್ಣಾರೆ ಕಂಡವನು. ಅಂದು ಅಳತೆಗೆ ಟೇಪು ಹಿಡಿದು ಒಳಗೆ ಹೋದಾಗಲೂ ಕಂಡೆ: ಅಡುಗೆಮನೆಯಲ್ಲಿ ಒಂದು ಗ್ಯಾಸಿನ ಒಲೆ, ಪಡಸಾಲೆಯಲ್ಲಿ ತಗಡಿನ ಮರೆಗೆ ಒಂದು, ಮಗ್ಗದ ಕೋಣೆಯಲ್ಲಿ ಕುಣಿಯಿಂದ ಮೂರು ಮೊಳ ದೂರಕ್ಕೆ ಇನ್ನೊಂದು. ಅದರ ಮೇಲೆ ಅನ್ನ ಕುದಿಯುತ್ತಿತ್ತು.

ಹೊರಗೆ ಬಂದು ಒಂದು ಎಂದು ಬರೆದೆ. ಬರೆದದ್ದಲ್ಲದೆ, ಇಂಥ ಮನೆ ನೋಡಿ ಕಲೀರಿ ಎಂದು ಕಟ್ಟೆಯವರಿಗೆ ಭಾಷಣವನ್ನೂ ಮಾಡಿದೆ. ಮುದುಕಿ ಹೆಬ್ಬೆಟ್ಟು ಒತ್ತುವಾಗ ತಲೆ ಎತ್ತಲಿಲ್ಲ. ಕಿರಿಯ ಸೊಸೆ ಮಾತ್ರ ಸೆರಗು ಸರಿಮಾಡಿಕೊಂಡು ಕೇಳಿದಳು: "ಕಾಕಾರ, ಅದರಾಗ ನನ್ನ ಹೆಸರು ಎಲ್ಲಿ ಬಂತ್ರಿ?"

ಹನ್ನೆರಡನೆಯ ಸಾಲಿನಲ್ಲಿ ಸೊಸೆ ಎಂದು ಬಂದಿದೆ ಎಂದು ತೋರಿಸಿದೆ. ಅವಳು ಓದಬಲ್ಲವಳು. ಆ ಸಾಲನ್ನು ಬಹಳ ಹೊತ್ತು ನೋಡಿದಳು.

ಒಂದೂವರೆ ತಿಂಗಳಿಗೆ ಪಟ್ಟಿ ಬಂತು. ಸಮುದಾಯ ಭವನದ ಗೋಡೆಗೆ ಅಂಟಿಸಿದರು. ನಲವತ್ತೆರಡು ಮನೆ ಕೆಡವುವುದು, ನಲವತ್ತೆರಡು ಕುಟುಂಬಕ್ಕೆ ಮನೆ ಕೊಡುವುದು, ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ. ಅಂದೇ ಜನರಿಗೆ ಒಂಬತ್ತನೆಯ ಕಾಲಮ್ಮಿನ ಅರ್ಥ ತಿಳಿದದ್ದು. ನನಗೂ ಅಂದೇ. ಹನ್ನೊಂದು ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಂಸಾರಗಳಿದ್ದವು. ಹನ್ನೊಂದೂ ಮನೆಯವರು ಮೊದಲು ಗೋಡೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮುದುಕ ನಗಿಸಿ ನಗಿಸಿ ಮನೆ ಕಳೆದ ಎಂದು ಒಬ್ಬ ಹೇಳಿದ. ಅದಕ್ಕೆ ಯಾರೂ ನಗಲಿಲ್ಲ.

ಕಿರಿಯ ಸೊಸೆ ಸಂಜೆ ನನ್ನ ಮನೆಗೆ ಬಂದಳು. ಅಳಲಿಲ್ಲ, ಬೈಯಲಿಲ್ಲ. ಎರಡು ಕೋಣೆಯ ಒಂದು ಮನೆಗೆ ಹದಿನಾಲ್ಕು ಜನ ಹೋಗಲಾಗದು ಎಂದು ಭಾವಂದಿರು ಆಗಲೇ ಮಾತಾಡಿಕೊಂಡಿದ್ದಾರೆ ಎಂದಳು. ಎರಡನೆಯವನು ಕಾರ್ಖಾನೆಯ ಹತ್ತಿರ ಬಾಡಿಗೆ ಹಿಡಿಯುತ್ತಾನೆ. ಹೊಸ ಮನೆ ಹಿರಿಯನಿಗೆ, ಶೆಡ್ಡಿನ ಮಗ್ಗದ ಜಾಗವೂ ಅವನಿಗೆ. ಅವಳು ತವರಿಗೆ ಹೋಗಬೇಕು. ತವರು ಗುಡೂರು. ಅಲ್ಲಿ ಅಣ್ಣ, ಹಬ್ಬಕ್ಕೆ ಬಾ, ಇರುವುದಕ್ಕೆ ಬೇಡ ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದಾನೆ.

"ಮಗ್ಗ ಬಿಚ್ಚಿ ಎಲ್ಲಿ ಇಡ್ಲಿರಿ ಕಾಕಾರ?" ಎಂದು ಕೇಳಿದಳು. ಅದೊಂದೇ ಪ್ರಶ್ನೆ.

ನಾನು ಏನೆಂದೆ ಗೊತ್ತೆ? ಚಿಂತಿ ಬಿಡು, ಈ ಮುದುಕ ಕಟ್ಟಿದ ಗಂಟನ್ನು ಈ ಮುದುಕನೇ ಬಿಚ್ಚುತ್ತಾನೆ ಎಂದೆ. ಮರುದಿನ ಬೆಳಿಗ್ಗೆಯ ಬಸ್ಸಿಗೆ ಹುನಗುಂದಕ್ಕೆ ಹೋದೆ. ಯೋಜನೆಯ ಕಚೇರಿ ಅಲ್ಲಿತ್ತು. ಮೇಲ್ವಿಚಾರಕಿ ಬಾಗಲಕೋಟೆಯ ಹೆಣ್ಣುಮಗಳು, ನಲವತ್ತರ ವಯಸ್ಸು, ಮಾತು ಕಡಿಮೆ, ನನ್ನ ಚೇಷ್ಟೆಗೆ ಅರ್ಧ ತುಟಿ ಮಾತ್ರ ನಗುವವಳು. ಕಣ್ತಪ್ಪಿನಿಂದ ಮೂರರ ಬದಲು ಒಂದು ಬಿದ್ದಿದೆ, ತಿದ್ದಿಬಿಡಿ ಎಂದೆ. ಸಹಿಯಾದ ನಮೂನೆಯನ್ನು ತಿದ್ದಲಿಕ್ಕೆ ಹೆಬ್ಬೆಟ್ಟು ಒತ್ತಿದ ಯಜಮಾನಿಯೇ ಬಂದು ಆಕ್ಷೇಪಣೆ ಕೊಡಬೇಕು, ಇಲ್ಲವೇ ಬೇರೆ ಬೇರೆ ಅಡುಗೆ ನಡೆಯುತ್ತದೆ ಎಂಬುದಕ್ಕೆ ಪುರಾವೆ ಬೇಕು ಎಂದರು. ಬೇರೆ ರೇಷನ್ ಕಾರ್ಡು? ಇಲ್ಲ, ಹಿರಿಯನ ಹಟಕ್ಕೆ ಆ ಮನೆಗೆ ಒಂದೇ ಕಾರ್ಡು. ಗ್ಯಾಸಿನ ಪುಸ್ತಕ? ಸಿಲಿಂಡರು ಮೂರಿದ್ದರೂ ಪುಸ್ತಕಗಳೆಲ್ಲ ತೀರಿಹೋದ ಯಜಮಾನನ ಮತ್ತು ಹಿರಿಯನ ಹೆಸರಿನಲ್ಲಿ.

ಮುದುಕಿಯನ್ನು ಕೇಳಬಹುದಿತ್ತು. ಸೀದಾ ಹೋಗಿ ಹಿರಿಯನನ್ನು ಕೇಳಬಹುದಿತ್ತು. ಆದರೆ ಸೀದಾ ದಾರಿ ಕಂಡರೆ ನನಗೆ ಮೊದಲಿಂದಲೂ ಬೇಸರ. ಒಂದು ಆಟ ಹೂಡಿದೆ. ಹಿರಿಯ ಮಗ ನೂಲು ತರಲು ಹೋದ ಹೊತ್ತು ನೋಡಿ ಮನೆಗೆ ಹೋಗಿ, ಒಂದು ಸಂಘದವರು ಒಲೆಗೊಂದರಂತೆ ಕುಕ್ಕರು ಹಂಚುತ್ತಿದ್ದಾರೆ, ಉರಿಯುವ ಒಲೆಯ ಫೋಟೋ ಬೇಕಂತೆ ಎಂದು ಹಿರಿಯ ಸೊಸೆಗೆ ಹೇಳಿದೆ. ಆಕೆ ಮೂರು ಒಲೆಯನ್ನೂ ಹಚ್ಚಿ, ಪ್ರತಿಯೊಂದರ ಪಕ್ಕ ಒಬ್ಬೊಬ್ಬ ಸೊಸೆಯನ್ನು ನಿಲ್ಲಿಸಿ, ತಾನೂ ಬೊಟ್ಟು ಸರಿಮಾಡಿಕೊಂಡು ನಿಂತಳು. ಮೊಬೈಲಿನಲ್ಲಿ ಮೂರು ಫೋಟೋ ಹೊಡೆದೆ. ಕಿರಿಯ ಸೊಸೆಗೆ ಕಣ್ಣು ಹೊಡೆದು ಹೊರಬಿದ್ದೆ. ಬಸ್ಸಿನಲ್ಲಿ ಹೋಗುವಾಗ ಪಕ್ಕದ ಸೀಟಿನ ಅಪರಿಚಿತನಿಗೂ ಆ ಫೋಟೋ ತೋರಿಸಿ ಜಂಬ ಕೊಚ್ಚಿದೆ.

ಮೇಲ್ವಿಚಾರಕಿ ಮೂರನ್ನೂ ನೋಡಿ ಮೊಬೈಲು ಹಿಂದಕ್ಕೆ ಕೊಟ್ಟರು. ಇದು ಯಾರ ಮನೆ ಎಂದು ಒಲೆಯ ಮೇಲೆ ಬರೆದಿಲ್ಲ, ಯಜಮಾನಿಯ ಮಾತಿಲ್ಲದೆ ಇದು ಪುರಾವೆಯಲ್ಲ ಎಂದರು.

ಅಷ್ಟಕ್ಕೇ ನಿಂತಿದ್ದರೆ ನಡೆಯುತ್ತಿತ್ತು. ಎರಡು ದಿನ ಕಳೆದರೂ ಕುಕ್ಕರು ಬಾರದಿದ್ದಾಗ ಹಿರಿಯ ಸೊಸೆ ಗಂಡನನ್ನು ಕೇಳಿದಳು. ಅವನಿಗೆ ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ನನ್ನ ಮನೆಗೆ ಬಂದು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಬರಲಿಲ್ಲ. ಮರುದಿನ ಬೆಳಿಗ್ಗೆ ನಾನು ಆ ದಾರಿಯಲ್ಲಿ ಹೋಗುವಾಗ, ಮಗ್ಗದ ಕೋಣೆಯ ಸಿಲಿಂಡರನ್ನು ಅವನು ಅಡುಗೆಮನೆಗೆ ಉರುಳಿಸಿಕೊಂಡು ಹೋಗುತ್ತಿದ್ದ. ತಗಡಿನ ಮರೆಯದೂ ಆಗಲೇ ಹೋಗಿತ್ತು. ನನ್ನನ್ನು ಕಂಡು ನಿಂತ.

"ಒಂದೇ ಒಲಿ ಅಂತ ಬರಸಿದ್ನಲ್ಲ ಕಾಕಾ," ಎಂದ. "ಈಗ ಖರೆ ಮಾಡೀನಿ ನೋಡು."

ಅಂದಿನಿಂದ ಕಿರಿಯ ಸೊಸೆ ಹಿರಿಯಳ ಅಡುಗೆಮನೆ ತೆರವಾದ ಮೇಲೆ ಅಡುಗೆ ಮಾಡಿಕೊಳ್ಳಬೇಕಾಯಿತು. ಹಿರಿಯನ ಸಂಸಾರ ಉಂಡು, ಎರಡನೆಯವನದು ಉಂಡು, ಆಮೇಲೆ. ಹೆಣ್ಣುಮಕ್ಕಳು ಎರಡು ದಿನ ಶಾಲೆಗೆ ಬರೀ ಚಹಾ ಕುಡಿದು ಹೋದರು. ಮೂರನೆಯ ದಿನ ಅವಳು ನನಗೆ ಕಿರಾಣಿ ಅಂಗಡಿಯ ಮುಂದೆ ಎದುರಾದಳು. ನಾನು ಏನೋ ತಮಾಷೆಗೆ ಬಾಯಿ ತೆರೆದೆ.

"ಕಾಕಾರ," ಎಂದಳು, "ಇನ್ನ ಮ್ಯಾಲ ನಮ್ಮ ಮನಿ ಕಡೆ ನಗಸಾಕ ಬರಬ್ಯಾಡ್ರಿ."

ಬಾಯಿ ಮುಚ್ಚಿದೆ. ನನ್ನ ಬಾಯಿ ಮುಚ್ಚಿಸಿದವರು ಈ ಊರಲ್ಲಿ ಬಹಳ ಜನ ಇಲ್ಲ.

ಆಕ್ಷೇಪಣೆಗೆ ಇನ್ನು ಆರು ದಿನ ಉಳಿದಿತ್ತು. ಮತ್ತೆ ಹುನಗುಂದಕ್ಕೆ ಹೋದೆ. ಈ ಸಲ ಮೇಲ್ವಿಚಾರಕಿಯ ಮುಂದೆ ಕುಳಿತು ನಡೆದದ್ದನ್ನು ನಡೆದಂತೆ ಹೇಳಿದೆ. ಕೊಡಗಳ ವಿಷಯವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಕಣ್ತಪ್ಪು ಎಂದರೆ ಒಂದು ಮನೆಯ ತಿದ್ದುಪಡಿ ಮಾತ್ರ, ಅದೂ ಯಜಮಾನಿ ಒಪ್ಪಿದರೆ. ಆದರೆ ಬರೆದವನೇ, ನನಗೆ ಗೊತ್ತಿದ್ದೂ ಸುಳ್ಳು ಬರೆದೆ ಎಂದು ಲಿಖಿತ ಹೇಳಿಕೆ ಕೊಟ್ಟರೆ ಇಡೀ ಪಟ್ಟಿಯೇ ಅನುಮಾನಕ್ಕೆ ಬರುತ್ತದೆ. ಆಗ ವಿಚಾರಣೆ ಕರೆಯಲೇಬೇಕು, ಪ್ರತಿ ಯಜಮಾನಿಯನ್ನೂ ಯೋಜನೆಯ ದೊಡ್ಡ ಸಾಹೇಬರು ಖುದ್ದು ಕೇಳಬೇಕು.

"ಆದ್ರ ಕಾಕಾ, ಹಂಗ ಬರದ್ರ ನಿಮ್ಮ ಮ್ಯಾಲ ಕೇಸ್ ಆದ್ರೂ ಆಗಬಹುದು," ಎಂದರು. "ವಯಸ್ಸಾಗೇತಿ. ವಿಚಾರ ಮಾಡ್ರಿ."

ಎರಡು ದಿನ ವಿಚಾರ ಮಾಡಿದೆ. ಸುಳ್ಳು ಹೇಳುವುದಿಲ್ಲ, ಹೆದರಿಕೆಯಾಯಿತು. ಕೇಸಿಗಿಂತ ಹೆಚ್ಚಾಗಿ, ನನಗೆ ಗೊತ್ತಿತ್ತು ಎಂಬ ಎರಡು ಶಬ್ದಕ್ಕೆ. ತಿಳಿಯದೆ ಮಾಡಿದೆ ಎಂದರೆ ನಾನು ಓಣಿಯ ಪೆದ್ದ ಮುದುಕ. ಪೆದ್ದನನ್ನು ಜನ ಕ್ಷಮಿಸುತ್ತಾರೆ, ಚಹಾ ಕೊಡುತ್ತಾರೆ. ಗೊತ್ತಿದ್ದು ಮಾಡಿದೆ ಎಂದು ಬರೆದುಕೊಟ್ಟರೆ ಚಹಾ ಇಲ್ಲ. ಹೇಳಿಕೆ ಬರೆಯಲು ಕುಳಿತೆ. ಮೂರು ಹಾಳೆ ಹರಿದೆ. ಯಾಕೆಂದರೆ ಪ್ರತಿ ಸಲವೂ ಎಲ್ಲೋ ಒಂದು ಕಡೆ ತಮಾಷೆ ನುಸುಳುತ್ತಿತ್ತು, ಓದಿದವರು ನಕ್ಕು ನನ್ನನ್ನು ಬಿಟ್ಟುಬಿಡಲಿ ಎನ್ನುವಂತೆ. ನಾಲ್ಕನೆಯ ಹಾಳೆಯಲ್ಲಿ ಐದು ಸಾಲು ಬರೆದೆ. ಒಲೆಗಳು ಮೂರಿದ್ದುದನ್ನು ನೋಡಿದೆ. ಒಂದು ಎಂದು ಬರೆದೆ. ಬೇರೆ ಹತ್ತು ಮನೆಗಳಲ್ಲೂ ಹಾಗೇ ಮಾಡಿದೆ. ಯಾರೂ ನನಗೆ ಹಾಗೆ ಬರೆಯಲು ಲಂಚ ಕೊಡಲಿಲ್ಲ. ಜನರನ್ನು ನಗಿಸಲು ಬರೆದೆ.

ಕೊಟ್ಟು ಬಂದೆ. ವಿಚಾರಣೆಯ ನೋಟೀಸು ಹನ್ನೊಂದು ಮನೆಗೂ ಹೋಯಿತು. ಈಗ ಬೈದವರು ಬೇರೆಯವರು. ಮನೆಯ ಗುಟ್ಟನ್ನು ಸರಕಾರಿ ಕಾಗದದಲ್ಲಿ ಬರೆದುಕೊಟ್ಟ ಎಂದರು. ಮನೆ ಬೇಕು, ಆದರೆ ಒಡೆದ ಮನೆ ಎಂದು ಯಾರೂ ಅನ್ನಬಾರದು. ಎರಡೂ ಹೇಗೆ ಆಗುತ್ತದೆ ಎಂದು ಕೇಳಿದರೆ ಮತ್ತೆ ಬೈಗುಳ.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಮುದುಕಿಯ ಹತ್ತಿರ ಹೋದೆ. ಕಟ್ಟೆಯ ಮೇಲೆ ಕುಳಿತು ರಾಟೆ ತಿರುಗಿಸುತ್ತ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಒಳಗಿನಿಂದ ಹಿರಿಯನ ಮಗ್ಗದ ಸಪ್ಪಳ ಬರುತ್ತಿತ್ತು. ನಾನು ಕೆಳಗಿನ ಮೆಟ್ಟಿಲ ಮೇಲೆ ಕುಳಿತು, ಜೀವನದಲ್ಲಿ ಮೊದಲ ಸಲ, ಒಂದೂ ಚೇಷ್ಟೆಯಿಲ್ಲದೆ ಮಾತಾಡಿದೆ. ನಾಳೆ ಸಾಹೇಬರು ಕೇಳುವುದು ನಿನ್ನನ್ನು ಮಾತ್ರ. ಒಂದು ಎಂದರೆ ಪಟ್ಟಿ ಹಾಗೇ ಉಳಿಯುತ್ತದೆ, ಕಿರಿಯಳು ಬೀದಿಗೆ ಬೀಳುತ್ತಾಳೆ. ಮೂರು ಎಂದರೆ ಅವಳಿಗೊಂದು ಬಾಗಿಲು ಸಿಗುತ್ತದೆ. ನಾನು ಅಂದು ಜನರನ್ನು ನಗಿಸದೆ ಇದ್ದಿದ್ದರೆ ನೀನು ಅಂದೇ ಖರೆ ಹೇಳುತ್ತಿದ್ದೆ, ತಪ್ಪು ನನ್ನದು ಎಂದೆ.

ಮುದುಕಿ ರಾಟೆ ನಿಲ್ಲಿಸಲಿಲ್ಲ. "ನೀ ನಗಸದಿದ್ರೂ ನಾ ಒಂದೇ ಅಂತಿದ್ನೆಪ್ಪ," ಎಂದಳು. "ಅದನ್ನೂ ನಿನ್ನ ತಲಿ ಮ್ಯಾಲ ಹೊತಗೊಂಡು ದೊಡ್ಡವ ಆಗಬ್ಯಾಡ."

ಬರುತ್ತೀಯಾ ಎಂದು ಕೇಳಿದೆ. ತುಂಬಿದ ಕಂಡಿಕೆ ತೆಗೆದು ಹೊಸದನ್ನು ಏರಿಸಿಕೊಂಡಳು.

ಬಂದಳು. ಹಿರಿಯ ಮಗನೇ ಕೈಹಿಡಿದು ಬಸ್ಸಿನಿಂದ ಇಳಿಸಿದ. ಹಿಂದೆ ಕಿರಿಯ ಸೊಸೆ ಇಳಿದಳು. ಕಚೇರಿಯ ಉದ್ದನೆಯ ಕೋಣೆ, ಒಂದು ಮೇಜು, ಸಾಹೇಬರು, ಪಕ್ಕದಲ್ಲಿ ಮೇಲ್ವಿಚಾರಕಿ ಬರೆದುಕೊಳ್ಳಲು. ಒಬ್ಬೊಬ್ಬರನ್ನು ನಂಬರಿನ ಪ್ರಕಾರ ಕರೆದರು. ಮೊದಲ ನಾಲ್ಕು ಮನೆಯವರು ತಡವರಿಸಿದರು. ಮೂವರು, ಮೊದಲು ಬರೆದದ್ದೇ ಸರಿ ಎಂದುಬಿಟ್ಟರು. ಅವರ ಮಕ್ಕಳು ಬಾಗಿಲಲ್ಲಿ ನಿಂತಿದ್ದರು. ಇಪ್ಪತ್ತೇಳನೆಯ ನಂಬರು ಬಂತು. ಸಾಹೇಬರು ನನ್ನ ಹೇಳಿಕೆಯ ಐದು ಸಾಲನ್ನು ಗಟ್ಟಿಯಾಗಿ ಓದಿಸಿದರು. ಹಿರಿಯ ಮಗ ಎದ್ದು, ಇವ ಊರಿಗೆ ಗೊತ್ತಿದ್ದ ಚೇಷ್ಟೆಯ ಮುದುಕ, ಕುಕ್ಕರಿನ ಆಸೆ ತೋರಿಸಿ ಮನೆಯ ಹೆಣ್ಣುಮಕ್ಕಳ ಫೋಟೋ ಹೊಡೆದವನು, ಇವನ ಮಾತಿಗೆ ಬೆಲೆ ಕೊಡಬೇಡಿ, ಬೇಕಾದರೆ ಈಗಲೇ ಬಂದು ನೋಡಿ, ಮನೆಯಲ್ಲಿ ಒಂದೇ ಒಲೆ ಇದೆ ಎಂದ. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸಾಹೇಬರು ನನ್ನನ್ನು ನೋಡಿದರು. ಹೌದು ಎಂದು ತಲೆಯಾಡಿಸುವುದರ ಹೊರತು ನನಗೆ ಬೇರೆ ದಾರಿಯಿರಲಿಲ್ಲ.

ಸಾಹೇಬರು ಮುದುಕಿಯ ಕಡೆ ತಿರುಗಿ, ನೀವು ಹೇಳಿ ಅಮ್ಮ, ನಿಮ್ಮ ಮನೆಯಲ್ಲಿ ಎಷ್ಟು ಒಲೆ ಎಂದು ಕೇಳಿದರು. ಅವಳು ಎದ್ದು ನಿಂತಳು. ಕುಳಿತೇ ಹೇಳಿ ಎಂದರೂ ಕುಳಿತುಕೊಳ್ಳಲಿಲ್ಲ.

"ಒಲಿ ಎಷ್ಟ ಅದಾವಂತ ನನ್ನ ಕೇಳಬ್ಯಾಡ್ರಿ ಸಾಹೇಬ್ರ," ಎಂದಳು. "ನಾ ಎಲ್ಲಿ ಉಣ್ತೇನಿ ಅಂತ ಕೇಳ್ರಿ. ಈ ತಿಂಗಳು ಹಿರ್ಯಾನ ಕಡೆ. ಬರೂ ತಿಂಗಳು ನಡುವಿನವನ ಕಡೆ. ಅದರ ಆಚಿ ತಿಂಗಳು ಈಕಿ ಕಡೆ. ಹನ್ನೊಂದು ವರ್ಷ ಆತು, ಒಂದನೇ ತಾರೀಖಿಗೆ ನನ್ನ ತಾಟು ನಾನೇ ತೊಳಕೊಂಡು ಮುಂದಿನ ಒಲಿ ಮುಂದ ಹೋಗಿ ಕೂಡ್ತೇನಿ."

ಸಾಹೇಬರು ನನ್ನ ಹೇಳಿಕೆಯ ಹಾಳೆಯನ್ನು ಬದಿಗೆ ಸರಿಸಿದರು.

"ಅವ್ವಾ," ಎಂದ ಹಿರಿಯ ಮಗ, ಬಹಳ ಸಣ್ಣ ದನಿಯಲ್ಲಿ.

"ನೀ ನಿಮ್ಮಪ್ಪಗ ಕೊಟ್ಟ ಮಾತು ಉಳಿಸೀಯಪ್ಪ," ಎಂದಳು ಮುದುಕಿ, ಅವನನ್ನು ನೋಡದೆ. "ಮನಿ ನೀ ಒಡದಿಲ್ಲ. ನಾ ಒಡದೇನಿ. ಬರಕೋರಿ ಸಾಹೇಬ್ರ, ಮೂರು."

ಮೇಲ್ವಿಚಾರಕಿ ಬರೆದುಕೊಂಡರು. ಅದನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿದರು. ಈ ಸಲ ಮುದುಕಿ ತಲೆಯೆತ್ತಿಯೇ ಒತ್ತಿದಳು. ಅವಳ ಹಿಂದೆ ಬಂದ ಆರು ಮನೆಯವರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮೊದಲು ಒಂದು ಎಂದಿದ್ದ ಮೂವರಲ್ಲಿ ಇಬ್ಬರು ಮತ್ತೆ ಎದ್ದುಬಂದರು. ಒಬ್ಬಳು ಎದ್ದುಬರಲಿಲ್ಲ. ಆ ಮನೆಯ ಎರಡನೆಯ ಸಂಸಾರ ಈಗ ಊರ ಹೊರಗೆ ತಗಡಿನ ಶೆಡ್ಡಿನಲ್ಲಿದೆ, ಅವರು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ನನ್ನ ಮೇಲೆ ಕೇಸು ಆಗಲಿಲ್ಲ. ಇನ್ನು ಮುಂದೆ ಯಾವ ಸಮೀಕ್ಷೆಗೂ ಇವರನ್ನು ಕರೆಯಬಾರದು ಎಂದು ಒಂದು ಸಾಲಿನ ಆದೇಶವಾಯಿತು.

ಹೊಸದಾಗಿ ಎಣಿಸಲು ಬೇರೆ ಊರಿನಿಂದ ಒಬ್ಬ ಬಂದ. ಬಾಗಲಕೋಟೆಯವನು, ನಗುವೇ ಗೊತ್ತಿಲ್ಲದ ಮನುಷ್ಯ. ನಾನು ಆ ಮನೆಯ ಕಡೆ ಹೋಗುವಂತಿರಲಿಲ್ಲ. ಎದುರಿನ ಬೇವಿನ ಮರದ ಕೆಳಗೆ ನಿಂತು ನೋಡಿದೆ. ಅವನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಪ್ರಶ್ನೆ ಕೇಳಿದ. ಹೊರಗೆ ಯಾರಿಗೂ ಏನೂ ಕೇಳಿಸಲಿಲ್ಲ. ಇಷ್ಟು ಸುಲಭವಿತ್ತು. ಬಾಗಿಲು ಮುಂದೆ ಮಾಡಿಕೊಳ್ಳುವುದು.

ವಿಚಾರಣೆಯ ಮೇಲೆ ಸಿಲಿಂಡರುಗಳು ಮತ್ತೆ ಅವರವರ ಜಾಗಕ್ಕೆ ಬಂದಿದ್ದವು. ಅವನು ಮೂರು ನಮೂನೆ ತುಂಬಿ ಕಟ್ಟೆಗೆ ಬಂದ. ಕಿರಿಯ ಸೊಸೆಯ ಕೈಯಲ್ಲಿ ಅವಳದೇ ಪ್ರತಿ ಇತ್ತು. ಮೊದಲನೆಯ ಸಾಲಿನಲ್ಲಿ, ಯಜಮಾನಿ ಎಂಬಲ್ಲಿ, ಅವಳ ಹೆಸರು. ಒಂದು ತೊಡಕು ಉಳಿದಿತ್ತು: ಮುದುಕಿಯ ಹೆಸರನ್ನು ಒಂದೇ ಕಡೆ ಬರೆಯಬೇಕು. ಹಿರಿಯ ಮಗ ಒಳಗೆ ಹೋಗಿ ಮಗ್ಗದಲ್ಲಿ ಕುಳಿತುಬಿಟ್ಟಿದ್ದ. ಎರಡನೆಯವನು, ಅಣ್ಣನನ್ನು ಕೇಳಿ ಎಂದ. ಕಿರಿಯಳು ಕೇಳುವ ಮೊದಲೇ ತನ್ನ ಕಾಗದವನ್ನು ಮುಂದೆ ಚಾಚಿ, "ನಮ್ಮ ಅತ್ತೀನ ಇದರಾಗ ಬರೀರಿ," ಎಂದಳು. ಮುದುಕಿ ಆಗಬಹುದು ಎಂದು ತಲೆಯಾಡಿಸಿದಳು. ಬರೆದ.

ಅಂದು ಒಂದನೆಯ ತಾರೀಖು. ಅವನು ಹೋದ ಮೇಲೆ ಮುದುಕಿ ತಾಟು ತೊಳೆದುಕೊಂಡಳು. ವಿಚಾರಣೆಯಾಗಿ ಎರಡು ತಿಂಗಳು ದಾಟಿ, ಸರದಿ ಮತ್ತೆ ಹಿರಿಯನಿಗೆ ಬಂದಿತ್ತು. ಕಿರಿಯಳು ತಾಟು ಹಿಡಿದೆಳೆದು, ಇನ್ನು ಅದೆಲ್ಲ ಬೇಡ, ಇಲ್ಲೇ ಉಣ್ಣಿ ಎಂದಳು. ಮುದುಕಿ ತಾಟು ಬಿಡಿಸಿಕೊಂಡು ಹೋದಳು. ಅಡುಗೆಮನೆಗೆ ಈಗ ಹಿರಿಯನು ಹಿತ್ತಿಲ ಕಡೆಯಿಂದ ಬೇರೆ ಬಾಗಿಲು ಮಾಡಿಕೊಂಡಿದ್ದ. ನಾನು ಸುತ್ತಿ ಹೋಗಿ ಹಿತ್ತಿಲ ಗೋಡೆಯ ಮೇಲಿಂದ ನೋಡಿದೆ. ನೋಡಬಾರದಿತ್ತು, ಆದರೆ ನನ್ನ ಸ್ವಭಾವ ನಿಮಗೆ ಗೊತ್ತಲ್ಲ.

ಮುದುಕಿ ಹೊಸ್ತಿಲ ಹೊರಗೆ ನಿಂತಿದ್ದಳು. ಒಳಗಿನಿಂದ ಯಾರೂ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಕಾದು, ಅಲ್ಲೇ ಬಚ್ಚಲ ಕಲ್ಲಿನ ಪಕ್ಕ ಕುಳಿತು ತಾಟನ್ನು ಮುಂದಿಟ್ಟುಕೊಂಡಳು. ಹಿರಿಯ ಸೊಸೆ ಬಂದು, ಹೊಸ್ತಿಲು ದಾಟದೆ, ಒಳಗಿನಿಂದಲೇ ಬಾಗಿ ಎರಡು ರೊಟ್ಟಿ, ಪಲ್ಯ ನೀಡಿ ಹೋದಳು. ಹನ್ನೊಂದು ವರ್ಷ ಒಲೆಯ ಮುಂದೆ ಕುಳಿತು ಉಂಡವಳಿಗೆ ಹೊರಗೆ ನೀಡಿದರು.

ಅವಳು ರೊಟ್ಟಿ ಮುರಿಯುವಾಗ ತಲೆಯೆತ್ತಿದಳು. ಗೋಡೆಯ ಮೇಲೆ ನನ್ನ ಮೋರೆ ಕಂಡಿತು.

"ಏನ್ ನೋಡ್ತಿ?" ಎಂದಳು. "ಹೋಗು, ರೊಟ್ಟಿ ಬಿಸಿ ಅದಾವು."